ಟ್ರಂಕಿನಿಂದ ಆರಂಭಿಸಿ ಬರೆದ ಕರ್ನಲ್ ಸಾಹೇಬರ ಜೀವನಚರಿತ್ರೆ: ನನ್ನ ಅನುಭವ

ನಿವೃತ್ತ ಸೇನಾಧಿಕಾರಿಯ ಜೀವನಚರಿತ್ರೆ ಬರೆಯುವವರು ಅವರನ್ನು ಮಾತನಾಡಿಸುವುದಕ್ಕೆ ಮೊದಲು, ಅವರ ಮನೆಯಲ್ಲಿರುವ ಪದಕ, ಪತ್ರ, ಟ್ರಂಕು, ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಮತ್ತು ಸರ್ಕಾರದ ಹಳೆಯ ರಾಜ್ಯಪತ್ರಗಳ (ಗೆಜೆಟ್) ಆಧಾರದಿಂದ ಇಡೀ ಸೇವಾವಧಿಯ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು, ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಮಾತಿಗೆ ಕೂರಬೇಕು ಎಂದು ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅಭಿನಂದನ ಗ್ರಂಥ, ಆತ್ಮಕಥನಗಳ ನಿರೂಪಣೆ ಮಾಡುವ ನಮ್ಮ ಬಳಗದಲ್ಲಿ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. "ಸೈನಿಕನ ಚರಿತ್ರೆ ಎಂದರೆ ಯುದ್ಧದ ಒಂದು ಅಧ್ಯಾಯ, ಉಳಿದದ್ದು ಭರ್ತಿ" ಎಂಬುದೇ ಹಿರಿಯರೊಬ್ಬರ ತೀರ್ಪಾಗಿತ್ತು. ಈಗ ಮೈಸೂರಿನಲ್ಲಿ ನೆಲೆಸಿರುವ, ಎಂಬತ್ತು ದಾಟಿದ ಕೊಡಗಿನ ಕರ್ನಲ್ ಒಬ್ಬರ ಚರಿತ್ರೆಯನ್ನು ಇದೇ ಕ್ರಮದಲ್ಲಿ ಬರೆದು, ಸುಮಾರು 260 ಪುಟಗಳ ಪುಸ್ತಕ ಅಚ್ಚಾಗಿ, ಅವರ ಜೊತೆಯಲ್ಲೇ ಕಮಿಷನ್, ಎಂದರೆ ಅಧಿಕಾರಿಯಾಗಿ ನೇಮಕ, ಪಡೆದ ಕೋರ್ಸ್‌ಮೇಟ್‌ಗಳು ಅದನ್ನು ಓದಿ, ತಾರೀಖುಗಳಲ್ಲಿ ಬೆರಳೆಣಿಕೆಯಷ್ಟು ತಿದ್ದುಪಡಿಗಳನ್ನು ಮಾತ್ರ ಸೂಚಿಸಿರುವುದರಿಂದ, ಮಾಡಿದ ಬಗೆಯನ್ನು ಬರೆದಿಡುವ ಧೈರ್ಯ ಬಂದಿದೆ. ಸಂದರ್ಶನ, ಧ್ವನಿಮುದ್ರಣ, ಕರಡು ತಿದ್ದುವಿಕೆ ಇವೆಲ್ಲ ನಿಮಗೆ ತಿಳಿದ ಕೆಲಸಗಳಾದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಪುಸ್ತಕ ಖಾಸಗಿ ಹಂಚಿಕೆಗೆ ಮಾತ್ರ ಮೀಸಲಾಗಿರುವುದರಿಂದ ಕರ್ನಲ್ ಸಾಹೇಬರ ಹೆಸರನ್ನಾಗಲಿ ಪಲ್ಟನ್ನಿನ ಹೆಸರನ್ನಾಗಲಿ ಇಲ್ಲಿ ಹೇಳಬಾರದೆಂಬುದು ಕುಟುಂಬದ ಇಚ್ಛೆ.

ನನಗಿಂತ ಮೊದಲು ಈ ಕೆಲಸವನ್ನು ಬೇರೊಬ್ಬ ಬರಹಗಾರರು ಹಿಡಿದಿದ್ದರು. ಅವರದು ಎಲ್ಲರೂ ಬಲ್ಲ ದಾರಿ: ಹುಟ್ಟು, ಶಾಲೆ, ಸೇನೆ, ನಿವೃತ್ತಿ ಎಂದು ವರ್ಷಾನುಕ್ರಮವಾಗಿ ಪ್ರಶ್ನೆ ಕೇಳುವುದು, ಧ್ವನಿಮುದ್ರಿಸುವುದು, ಲಿಪಿಗಿಳಿಸಲು ಹೊರಗೆ ಕೊಡುವುದು. ಸುಮಾರು ಮೂವತ್ತು ಗಂಟೆಗಳ ಧ್ವನಿ ಸಂಗ್ರಹವಾಗಿತ್ತು. ಲಿಪಿಗಿಳಿಸುವವರು ನಿಮಿಷದ ಲೆಕ್ಕದಲ್ಲಿ ಹಣ ತೆಗೆದುಕೊಂಡು, ಕನ್ನಡ, ಹಿಂದಿ, ಇಂಗ್ಲಿಷ್ ಮತ್ತು ಕೊಡವ ತಕ್ಕ್ ಬೆರೆತ ಆ ಮಾತನ್ನು ಯಾರಿಗೂ ಅರ್ಥವಾಗದ ಹಾಳೆಗಳನ್ನಾಗಿ ಮಾಡಿ ಹಿಂತಿರುಗಿಸಿದ್ದರು. ಕುಟುಂಬಕ್ಕೆ ಆ ಹಂತದಲ್ಲೇ 35,000 ರೂಪಾಯಿಯ ಆಸುಪಾಸು ಖರ್ಚಾಗಿತ್ತು. ಆ ಹಾಳೆಗಳನ್ನು ಓದಿದಾಗ 1965ರ ಯುದ್ಧದ ಒಂದು ರಾತ್ರಿ ಆರೇಳು ಬಾರಿ ಬಂದಿತ್ತು, ಮೆಸ್ಸಿನ ಅದೇ ಮೂರು ಹಾಸ್ಯಪ್ರಸಂಗಗಳು ಮತ್ತೆ ಮತ್ತೆ ಬಂದಿದ್ದವು, ಎಂಬತ್ತರ ದಶಕ ಎಲ್ಲಿಯೂ ಇರಲಿಲ್ಲ. ಇದರಲ್ಲಿ ಕರ್ನಲ್ ಸಾಹೇಬರ ತಪ್ಪೇನೂ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸ್ಥಳ ಬದಲಿಸುತ್ತ ಇಪ್ಪತ್ತೇಳು ವರ್ಷ ಕಳೆದ ಮನುಷ್ಯನಿಗೆ ಇಸವಿಯ ಮೂಲಕ ನೆನಪು ಬರುವುದಿಲ್ಲ. ಯಾವ ಯೂನಿಟ್, ಆಗ ಕಮಾಂಡಿಂಗ್ ಆಫೀಸರ್ ಯಾರು, ಅದು ಫೀಲ್ಡೋ (ಸಂಸಾರ ಜೊತೆಗಿರದ ಗಡಿಯಂಥ ಜಾಗ) ಪೀಸ್ ಸ್ಟೇಷನ್ನೋ (ಸಂಸಾರ ಜೊತೆಗಿರುವ ಊರು) ಎಂಬುದರ ಮೂಲಕ ಬರುತ್ತದೆ. "1974ರಲ್ಲಿ ಎಲ್ಲಿದ್ದಿರಿ ಸರ್?" ಎಂದು ಕೇಳಿದರೆ "ಎಲ್ಲಾ ಮರೆತುಹೋಗಿದೆ" ಎನ್ನುವವರು, ಒಂದು ಜಾಗದ ಹೆಸರು ಹೇಳಿದೊಡನೆ ಅಲ್ಲಿನ ಅಡುಗೆಯವನ ಊರನ್ನೂ ಹೇಳುತ್ತಾರೆ.

ಹಾಗಾಗಿ ನಾನು ಮೊದಲು ಕೇಳಿದ್ದು ಪದಕಗಳನ್ನು. ಕುಟುಂಬದವರು ಶೌರ್ಯ ಪದಕ ಇದೆಯೇ ಎಂಬುದನ್ನಷ್ಟೇ ನೋಡಿ, ಇಲ್ಲದಿದ್ದರೆ ಉಳಿದವನ್ನು ಎಲ್ಲರಿಗೂ ಕೊಡುವ ಬಿಲ್ಲೆಗಳೆಂದು ಪಕ್ಕಕ್ಕಿಡುತ್ತಾರೆ. ಚರಿತ್ರೆ ಬರೆಯುವವನಿಗೆ ಬೇಕಾಗಿರುವುದು ಆ ಬಿಲ್ಲೆಗಳೇ. ಸೈನ್ಯ ಸೇವಾ ಪದಕದ ರಿಬ್ಬನ್ನಿನ ಮೇಲೆ ಕೂರಿಸಿದ ಲೋಹದ ಪಟ್ಟಿಯಲ್ಲಿ ಜಮ್ಮು-ಕಾಶ್ಮೀರ, ನೇಫಾ, ಹಿಮಾಲಯ ಎಂಬಂತೆ ಪ್ರದೇಶದ ಹೆಸರಿರುತ್ತದೆ. ನೇಫಾ ಎಂದಿದ್ದರೆ ಆ ಸೇವೆ 1972ರ ಜನವರಿಯಲ್ಲಿ ಆ ಪ್ರದೇಶಕ್ಕೆ ಅರುಣಾಚಲ ಎಂಬ ಹೆಸರು ಬರುವ ಮೊದಲಿನದಿರಬಹುದು ಎಂಬ ಊಹೆಗೆ ಎಡೆಯಾಗುತ್ತದೆ, ಆದರೆ ಪಟ್ಟಿಯ ಹೆಸರು ನಂತರವೂ ಉಳಿದುಕೊಂಡಿರುವುದು ಸಾಧ್ಯವಾದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. ರಕ್ಷಾ ಪದಕ 1965, ಸಮರ ಸೇವಾ ಸ್ಟಾರ್ 1965, 1971ರ ಸಂಗ್ರಾಮ ಪದಕ, ಅದೇ ಯುದ್ಧದಲ್ಲಿ ಪೂರ್ವದಲ್ಲಿದ್ದವರ ಪೂರ್ವಿ ಸ್ಟಾರ್ ಅಥವಾ ಪಶ್ಚಿಮದಲ್ಲಿದ್ದವರ ಪಶ್ಚಿಮಿ ಸ್ಟಾರ್, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಪದಕ, ಒಂಬತ್ತು ವರ್ಷದ ಮತ್ತು ಇಪ್ಪತ್ತು ವರ್ಷದ ದೀರ್ಘಸೇವಾ ಪದಕಗಳು, ಇವು ಸಾಲಾಗಿ ಸಿಕ್ಕರೆ ಒಂದು ಜೀವನದ ಅಸ್ಥಿಪಂಜರ ಸಿಕ್ಕಿದಂತೆ. ಇಪ್ಪತ್ತರದು ಇದ್ದು ಮೂವತ್ತರದು ಇಲ್ಲದಿದ್ದರೆ ಸೇವೆ ಎಲ್ಲಿ ನಿಂತಿತೆಂಬುದಕ್ಕೆ ಎರಡು ಗಡಿಗಳು ಸಿಕ್ಕವು. ಕರ್ನಲ್ ಸಾಹೇಬರ ಸಾಲಿನಲ್ಲಿ ಭೂತಾನ್ ಎಂಬ ಪಟ್ಟಿಯಿದ್ದ ವಿದೇಶ ಸೇವಾ ಪದಕವೂ ಇತ್ತು; ಅವರು ಹಾ ಕಣಿವೆಯಲ್ಲಿರುವ ಭಾರತೀಯ ಸೈನಿಕ ತರಬೇತಿ ತಂಡದಲ್ಲಿ ಕೆಲಸ ಮಾಡಿದ್ದರೆಂಬುದು ಆ ಮೂವತ್ತು ಗಂಟೆಗಳ ಮುದ್ರಣದಲ್ಲಿ ಒಂದು ಬಾರಿಯೂ ಬಂದಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಲ ಪದಕದ ಅಂಚಿನಲ್ಲಿಯೋ ಹಿಂಬದಿಯಲ್ಲಿಯೋ ಸಂಖ್ಯೆ, ಹುದ್ದೆ, ಹೆಸರು ಕೊರೆದಿರುತ್ತವೆ. ಕಳೆದುಹೋದದ್ದಕ್ಕೆ ಬದಲಾಗಿ ಕಂಟೋನ್ಮೆಂಟ್ ಅಂಗಡಿಗಳಲ್ಲಿ ಕೊಂಡ ನಕಲುಗಳಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಆದ್ದರಿಂದ ಭೂತಗನ್ನಡಿ ಹಿಡಿದು ಅಂಚನ್ನು ನೋಡದೆ ಯಾವ ಪದಕವನ್ನೂ ಪಟ್ಟಿಗೆ ಸೇರಿಸಬಾರದು. ಅಂಚಿನಲ್ಲಿರುವ ಹುದ್ದೆಯನ್ನು ಮಾತ್ರ ತಾರೀಖಿಗೆ ಸಾಕ್ಷಿಯೆಂದು ಹಿಡಿಯುವಂತಿಲ್ಲ, ಪದಕಗಳು ಎಷ್ಟೋ ವರ್ಷಗಳ ನಂತರ ಕೈಸೇರುವುದುಂಟು.

ಟ್ರಂಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನನ್ನು ನೋಡಿ ಎಲ್ಲರೂ ನಕ್ಕದ್ದು ಇದಕ್ಕೆ. ಸೇನಾಧಿಕಾರಿಗಳ ಮನೆಯ ಕಪ್ಪು ಕಬ್ಬಿಣದ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹುದ್ದೆ, ಹೆಸರು, ಯೂನಿಟ್ ಬರೆದಿರುತ್ತದೆಯಷ್ಟೆ. ವರ್ಗಾವಣೆಯಾದಾಗಲೆಲ್ಲ ಅದರ ಮೇಲೆ ಕಪ್ಪು ಬಳಿದು ಹೊಸದಾಗಿ ಬರೆಯಿಸುತ್ತಾರೆ. ಅಟ್ಟದಿಂದ ಐದು ಟ್ರಂಕುಗಳನ್ನು ಇಳಿಸಿ, ಕರ್ನಲ್ ಸಾಹೇಬರ ಅನುಮತಿ ಪಡೆದು, ಹಗಲಿನ ಓರೆ ಬೆಳಕಿನಲ್ಲಿಟ್ಟು ನೋಡಿದರೆ ಕೆಳಗಿನ ಪದರದ ಅಕ್ಷರಗಳು ಉಬ್ಬಿ ಕಾಣಿಸುತ್ತವೆ. ಕೆರೆಯುವ ಅಗತ್ಯ ಬಹಳ ಸಲ ಬೀಳುವುದಿಲ್ಲ. ಒಂದೇ ಮುಚ್ಚಳದ ಮೇಲೆ ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್ ಎಂಬ ಮೂರು ಪದರಗಳನ್ನು ಓದಿದೆ. ಬದಿಯಲ್ಲಿ ರೈಲ್ವೆಯ ಲಗೇಜ್ ಚೀಟಿಗಳ ಹರಿದ ಚೂರುಗಳು ಅಂಟಿಕೊಂಡಿದ್ದವು. ಎರಡರಲ್ಲಿ ನಿಲ್ದಾಣದ ಹೆಸರು ಓದುವಂತಿತ್ತು. ಅವರ ಹಿರಿಯ ಮಗ ನನ್ನ ಬೆನ್ನ ಹಿಂದೆ "ಅಪ್ಪನ ಕಥೆ ಬರೆಯಲು ಬಂದವರು ಟ್ರಂಕಿಗೆ ಬಣ್ಣ ಹೊಡೆಯುವವರ ಹಾಗೆ ಕೂತಿದ್ದಾರೆ" ಎಂದರೆಂದು ತಿಳಿಯಿತು. ಪುಸ್ತಕದಲ್ಲಿ ಆ ಮುಚ್ಚಳದ ಛಾಯಾಚಿತ್ರವನ್ನು ಪೂರ್ಣ ಪುಟದಲ್ಲಿ ಹಾಕಿದ್ದೇನೆ, ಅದಕ್ಕೆ ಹಣ ಕೊಟ್ಟವರು ಆ ಮಗನೇ.

ಇನ್ನು ಪತ್ರಗಳು. ಫೀಲ್ಡಿನಿಂದ ಬಂದ ಪತ್ರದಲ್ಲಿ ಊರಿನ ಹೆಸರಿರುವುದಿಲ್ಲವಾದ್ದರಿಂದ ನಮ್ಮವರು ಅವುಗಳನ್ನು ಭಾವನೆಗಾಗಿ ಮಾತ್ರ ಉಪಯೋಗಿಸುತ್ತಾರೆ. ನನಗೆ ಒಳಗಿನ ವಿಷಯಕ್ಕಿಂತ ಹೊರಗಿನ ಮುದ್ರೆ ಹೆಚ್ಚು ಕೆಲಸಕ್ಕೆ ಬಂದಿತು. ಮೊದಲನೆಯದು, ವಿಳಾಸದಲ್ಲಿ 56 ಎಪಿಓ (ಆರ್ಮಿ ಪೋಸ್ಟ್ ಆಫೀಸ್) ಎಂದಿದೆಯೋ 99 ಎಪಿಓ ಎಂದಿದೆಯೋ ನೋಡಬೇಕು. 56ರ ಅಂಚೆ ದೆಹಲಿಯ ಮೂಲಕ, 99ರದು ಕೋಲ್ಕತ್ತದ ಮೂಲಕ ಹೋಗುತ್ತದೆ, ಎಂದರೆ ಆ ಎರಡಂಕಿಯಲ್ಲೇ ದೇಶದ ಪೂರ್ವ ದಿಕ್ಕು ಬೇರೆಯಾಗಿಬಿಡುತ್ತದೆ. ಎರಡನೆಯದು, ಅಂಚೆ ಮುದ್ರೆಯಲ್ಲಿರುವ ಫೀಲ್ಡ್ ಪೋಸ್ಟ್ ಆಫೀಸ್ ಸಂಖ್ಯೆ ಮತ್ತು ತಾರೀಖು. ಆ ಸಂಖ್ಯೆಯಿಂದ ಸ್ಥಳಕ್ಕೆ ಹೋಗುವ ದಾರಿಯೊಂದಿದೆ. ಅಂಚೆಚೀಟಿ ಸಂಗ್ರಾಹಕರ ಸ್ನೇಹವಿದ್ದವರಿಗೆ ಅದು ತಾನಾಗಿಯೇ ತಿಳಿಯುತ್ತದೆ, ಇಲ್ಲದವರಿಗೆ ನಾನು ಇಲ್ಲಿ ಹೇಳಿಕೊಡುವುದಿಲ್ಲ. ತಾರೀಖಿಲ್ಲದ ಪತ್ರಗಳಿಗೆ ಬೇರೆ ಗುರುತುಗಳಿವೆ. ಮನೆಯ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್‌ಗಿಂತ ಹಿಂದಿನದಲ್ಲ. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗಿಂತ ಮೊದಲಿನದಾಗಿರುವ ಸಂಭವ ಹೆಚ್ಚು, ಹಳೆಯ ಹೆಸರನ್ನೇ ಬರೆಯುತ್ತಿದ್ದ ಸೋದರಮಾವಂದಿರ ಪತ್ರಗಳನ್ನು ಬಿಟ್ಟು. ಮನೆಯಿಂದ ಅವರಿಗೆ ಹೋದ ಲಕೋಟೆಯ ಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಪರಿಹಾರದ ಐದು ಪೈಸೆಯ ಅಂಚೆಚೀಟಿ ಇದ್ದರೆ ಅದು 1971ರ ನವೆಂಬರ್ ಮಧ್ಯದಿಂದ 1973ರ ಮಾರ್ಚ್ ಕೊನೆಯೊಳಗಿನದು. ಈ ಕೊನೆಯ ಗುರುತೊಂದರಿಂದಲೇ ಹನ್ನೆರಡು ಹದಿಮೂರು ಪತ್ರಗಳು ತಮ್ಮ ಜಾಗಕ್ಕೆ ಹೋಗಿ ಕುಳಿತವು.

ಇಡೀ ಕೆಲಸದ ಮೇಲೆ ಮನೆಯವರಿಗೆ ನಂಬಿಕೆ ಹುಟ್ಟಿದ್ದು 1971ರ ವಿಷಯದಲ್ಲಿ. ಅವರು ಆ ಯುದ್ಧದಲ್ಲಿ ಪಂಜಾಬಿನ ಗಡಿಯಲ್ಲಿದ್ದರು ಎಂದು ಕುಟುಂಬದ ಎಲ್ಲರೂ ನಂಬಿದ್ದರು. ಫಿರೋಜ್‌ಪುರದಲ್ಲಿ ತೆಗೆಸಿದ ಗುಂಪು ಚಿತ್ರವೊಂದು ಗೋಡೆಯ ಮೇಲಿತ್ತು, ಮೊದಲಿನ ಬರಹಗಾರರ ಕರಡಿನಲ್ಲಿ ಅದರ ಆಧಾರದ ಮೇಲೆ ಒಂದು ಅಧ್ಯಾಯವೇ ಸಿದ್ಧವಾಗಿತ್ತು. ಆದರೆ ಪದಕದ ಸಾಲಿನಲ್ಲಿದ್ದದ್ದು ಪೂರ್ವಿ ಸ್ಟಾರ್. ದರ್ಜಿ ತಪ್ಪು ಪದಕ ಹೊಲಿದಿರಬೇಕು ಎಂದರು ಮಗ. ಪದಕದ ಹಿಂಬದಿಯಲ್ಲಿ ತಂದೆಯ ಹೆಸರೇ ಇತ್ತು. ನಂತರ ಪತ್ರಗಳನ್ನು ಜೋಡಿಸಿದಾಗ ಆ ವರ್ಷದ ಸೆಪ್ಟೆಂಬರಿನವರೆಗೆ 56 ಎಪಿಓ, ಅಕ್ಟೋಬರಿನ ನಡುವಿನಿಂದ 99 ಎಪಿಓ ಎಂಬುದು ಕಣ್ಣಿಗೆ ಬಿದ್ದಿತು: ಡಿಸೆಂಬರ್ 3ಕ್ಕೆ ಯುದ್ಧ ಆರಂಭವಾಗುವ ಎಷ್ಟೋ ವಾರಗಳ ಮೊದಲೇ ಅವರು ಪೂರ್ವಕ್ಕೆ ಹೋಗಿದ್ದರು. ಎರಡೂ ಇನ್‌ಲ್ಯಾಂಡ್ ಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ಕರ್ನಲ್ ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಪಂಜಾಬು ಯುದ್ಧ ಮುಗಿದ ಮೇಲಿನದು. ಇದು ಬೇರೆ. ರೈಲಿನಲ್ಲಿ ಸಿಲಿಗುರಿಗೆ ಹೋದೆವು, ದಾರಿಯುದ್ದಕ್ಕೂ ಕಿಟಕಿ ಮುಚ್ಚಿಸಿದ್ದರು" ಎಂದು ಆರಂಭಿಸಿ, ಮಧ್ಯಾಹ್ನದ ಊಟ ತಣ್ಣಗಾಗುವವರೆಗೂ ಹೇಳಿದರು. ಗೋಡೆಯ ಮೇಲಿನ ಚಿತ್ರ 1973ರದೆಂದು ನಂತರ ಖಚಿತವಾಯಿತು. ಹಿಂದಿನ ಕರಡಿನ ಆ ಅಧ್ಯಾಯವನ್ನು ಪೂರ್ತಿಯಾಗಿ ಬಿಟ್ಟೆವು.

ರಾಜ್ಯಪತ್ರದ ಕೆಲಸ ಇದಕ್ಕಿಂತ ಶುಷ್ಕ, ಆದರೆ ಅದಿಲ್ಲದೆ ಪಟ್ಟಿ ನಿಲ್ಲುವುದಿಲ್ಲ. ಗೆಜೆಟ್ ಆಫ್ ಇಂಡಿಯಾದ ಭಾಗ 1, ವಿಭಾಗ 4ರಲ್ಲಿ ರಕ್ಷಣಾ ಸಚಿವಾಲಯ ಹೊರಡಿಸುವ ಅಧಿಕಾರಿಗಳ ನೇಮಕ, ಬಡ್ತಿ, ನಿವೃತ್ತಿಗಳು ಬರುತ್ತವೆ. ರಾಷ್ಟ್ರಪತಿಗಳು ಕೊಡುವ ಶೌರ್ಯ ಪ್ರಶಸ್ತಿಗಳು ವಿಭಾಗ 1ರಲ್ಲಿ. ಹಳೆಯ ಸಂಚಿಕೆಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಹೆಸರಿನಿಂದ ಹುಡುಕಿದರೆ ಪ್ರಯೋಜನವಿಲ್ಲ, ಕೊಡವ ಮನೆಹೆಸರುಗಳನ್ನು ದೆಹಲಿಯ ಮೊಳೆ ಜೋಡಿಸುವವರು ಹೇಗೆ ಬೇಕಾದರೂ ಜೋಡಿಸಿದ್ದಾರೆ. ಅಧಿಕಾರಿಯ ವೈಯಕ್ತಿಕ ಸಂಖ್ಯೆಯ ಅಂಕಿಗಳನ್ನು ಮಾತ್ರ ಹಾಕಬೇಕು, ಮುಂದಿನ ಐಸಿ ಎಂಬ ಎರಡಕ್ಷರಗಳನ್ನು ಬಿಟ್ಟುಬಿಡಬೇಕು, ಏಕೆಂದರೆ ಹಳೆಯ ಪುಟಗಳನ್ನು ಓದಿಸಿದ ಯಂತ್ರ ಅದರ ಐ ಅಕ್ಷರವನ್ನು ಒಂದು ಎಂಬ ಅಂಕಿಯಾಗಿ ಓದಿರುತ್ತದೆ.

ಹಾಗೆ ಮಾಡಿದರೂ 1967ಕ್ಕಿಂತ ಹಿಂದೆ ನನಗೆ ಏನೂ ಸಿಗಲಿಲ್ಲ, ವಾರಗಟ್ಟಲೆ ವ್ಯರ್ಥವಾಯಿತು. ಕಾರಣ ಸರಳ: 1962ರ ಚೀನಾ ಯುದ್ಧದ ನಂತರ ಸಾವಿರಾರು ಯುವಕರಿಗೆ ತುರ್ತು ಕಮಿಷನ್ ಕೊಟ್ಟಾಗ ಸೇರಿದವರಲ್ಲಿ ಇವರೂ ಒಬ್ಬರು. 1963ರಲ್ಲಿ ಆರಂಭವಾದ ಮದರಾಸಿನ ಆಫೀಸರ್ಸ್ ಟ್ರೇನಿಂಗ್ ಸ್ಕೂಲಿನಲ್ಲಿ ಸುಮಾರು ಆರು ತಿಂಗಳ ತರಬೇತಿ ಮುಗಿಸಿ ಹೊರಬಂದಾಗ ಇವರ ಸಂಖ್ಯೆ ಇಸಿ (ಎಮರ್ಜೆನ್ಸಿ ಕಮಿಷನ್) ಎಂದು ಆರಂಭವಾಗುತ್ತಿತ್ತು. ಮುಂದೆ ಕಾಯಂ ಕಮಿಷನ್ ಸಿಕ್ಕಿದ ಮೇಲೆ ಐಸಿ ಸಂಖ್ಯೆ ಬಂದಿತು. ಅವರ ಜೊತೆಯವರಲ್ಲಿ ಬಹಳಷ್ಟು ಜನ ಐದು ವರ್ಷ ತುಂಬಿದ ಮೇಲೆ ಬಿಡುಗಡೆಯಾಗಿ ಬ್ಯಾಂಕು, ಪೊಲೀಸು, ತೋಟಗಳಿಗೆ ಹೋದರು. ಈ ಎರಡು ಸಂಖ್ಯೆಗಳ ಸಂಗತಿ ತಿಳಿದ ನಂತರ ಪುಸ್ತಕಕ್ಕೆ ಒಂದು ಒಳ್ಳೆಯ ಅಧ್ಯಾಯವೂ ಸಿಕ್ಕಿತು, ಉಳಿಯುವುದೋ ಹೊರಡುವುದೋ ಎಂಬ ಆ ಎರಡು ವರ್ಷಗಳ ಆತಂಕ. ಯುದ್ಧದ ಅಧ್ಯಾಯಕ್ಕಿಂತ ಅದನ್ನೇ ಓದುಗರು ಹೆಚ್ಚು ಮೆಚ್ಚಿದ್ದಾರೆ.

ಇನ್ನೊಂದು ತೊಡಕು ಹುದ್ದೆಯದು. ಭುಜದ ಮೇಲೆ ಅಶೋಕ ಸಿಂಹ ಧರಿಸಿದ ಮೇಜರ್ ಚಿತ್ರದಲ್ಲಿದ್ದಾರೆ, ಅದೇ ತಿಂಗಳ ರಾಜ್ಯಪತ್ರ ಅವರನ್ನು ಕ್ಯಾಪ್ಟನ್ ಎನ್ನುತ್ತದೆ. ನನ್ನ ಪಟ್ಟಿಯನ್ನು ನೋಡಿದ ಬಳಗದ ಗೆಳೆಯರೊಬ್ಬರು ಇದನ್ನೇ ಹಿಡಿದು, ರಾಜ್ಯಪತ್ರ ನಂಬಿಕೆಗೆ ಯೋಗ್ಯವಲ್ಲವೆಂದು ಸಾಧಿಸಲು ನೋಡಿದರು. ಎರಡೂ ನಿಜ. ರಾಜ್ಯಪತ್ರದಲ್ಲಿ ಬರುವುದು ಕಾಯಂ ಹುದ್ದೆ, ಭುಜದ ಮೇಲಿರುವುದು ಆಗ ವಹಿಸಿಕೊಂಡಿದ್ದ ಕೆಲಸಕ್ಕೆ ತಕ್ಕ ಆ್ಯಕ್ಟಿಂಗ್ ಹುದ್ದೆ. ನನ್ನ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣಗಳಿವೆ, ಆ ಗೆಳೆಯರು ಈಗ ಅದೇ ಪಟ್ಟಿಯ ನಮೂನೆಯನ್ನು ಕೇಳಿ ಪಡೆದಿದ್ದಾರೆ.

ಮಾಹಿತಿ ಹಕ್ಕಿನ ಅರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಹೆಸರಿನಲ್ಲಿ ಹಾಕಿದ್ದು ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಕರ್ನಲ್ ಸಾಹೇಬರೇ ಸಹಿ ಮಾಡಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದ್ದಕ್ಕೆ ಕೆಲವು ತಿಂಗಳ ನಂತರ ಪುಟಕ್ಕೆ 2 ರೂಪಾಯಿಯಂತೆ ತೆರಿಸಿಕೊಂಡು ಕೊಟ್ಟ ಹಾಳೆಗಳಲ್ಲಿ ಅರ್ಧ ಭಾಗ ಓದಲಾಗದಷ್ಟು ಮಸುಕಾಗಿತ್ತು. ಅದಕ್ಕಿಂತ ಮನೆಯಲ್ಲಿಯೇ ಇದ್ದ ಪಿಂಚಣಿ ಪಾವತಿ ಆದೇಶ ಉತ್ತಮ ಆಧಾರ: ಕಮಿಷನ್ನಿನ ತಾರೀಖು, ನಿವೃತ್ತಿಯ ತಾರೀಖು, ಲೆಕ್ಕಕ್ಕೆ ಬಂದ ಸೇವಾವಧಿ, ಎಲ್ಲವೂ ಒಂದೇ ಕಾಗದದಲ್ಲಿವೆ. ಬ್ಯಾಂಕಿನ ಕಡತದಲ್ಲಿ ಮಡಚಿಟ್ಟಿರುವ ಆ ಕಾಗದವನ್ನು ಮೊದಲ ದಿನವೇ ಕೇಳಿ.

ಎಪ್ಪತ್ತು ಎಂಬತ್ತರ ದಶಕದ ಪೀಸ್ ಸ್ಟೇಷನ್ನುಗಳಿಗೆ ಪತ್ರಗಳಿರುವುದಿಲ್ಲ, ಏಕೆಂದರೆ ಸಂಸಾರ ಜೊತೆಯಲ್ಲೇ ಇರುತ್ತದೆ. ಆ ಖಾಲಿ ಜಾಗಗಳನ್ನು ತುಂಬಿದವರು ಅವರ ಪತ್ನಿ. "ಮೇಡಂ, ಆಗ ಮಗಳು ಎಷ್ಟನೇ ಕ್ಲಾಸು?" ಎಂದು ಕೇಳಿದರೆ ಸಾಕಾಗಿತ್ತು. ಸೇನೆ ಮತ್ತು ಕೇಂದ್ರ ನೌಕರರ ಮಕ್ಕಳಿಗಾಗಿ 1963ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯಾಲಯಗಳಲ್ಲಿ ಇಬ್ಬರು ಮಕ್ಕಳೂ ಓದಿದ್ದರು, ಪ್ರತಿ ವರ್ಗಾವಣೆಗೂ ಒಂದೊಂದು ಟಿಸಿ ಪಡೆದಿದ್ದರು, ಮೇಡಂ ಎಲ್ಲದರ ನಕಲನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದರು. ಸೇರಿದ ದಿನ, ಬಿಟ್ಟ ದಿನ, ಊರು, ಬಿಟ್ಟ ಕಾರಣ "ತಂದೆಯ ವರ್ಗಾವಣೆ". ಸೇನಾ ಕಚೇರಿಯ ಯಾವ ದಾಖಲೆಯೂ ನನಗೆ ಇಷ್ಟು ಅಚ್ಚುಕಟ್ಟಾಗಿ ಸಿಗಲಿಲ್ಲ. ಹಿಂದಿನ ಬರಹಗಾರರು ಮೇಡಂ ಅವರನ್ನು ಒಂದು ಬಾರಿಯೂ ಸಂದರ್ಶಿಸಿರಲಿಲ್ಲ.

ಪಟ್ಟಿ ಒಂದು ಹಂತಕ್ಕೆ ಬಂದಾಗ ಸುಮಾರು ಇಪ್ಪತ್ತು ಸಾಲುಗಳಿದ್ದವು. ಪ್ರತಿ ಸಾಲಿಗೂ ಎಲ್ಲಿಂದ ಎಲ್ಲಿಯವರೆಗೆ, ಯೂನಿಟ್, ಹುದ್ದೆ, ಸ್ಥಳ, ಆಧಾರ. ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿ ಮಾತಿಗೆ ಕೂತೆವು. ಕರ್ನಲ್ ಸಾಹೇಬರು ಪೆನ್ಸಿಲ್ ಹಿಡಿದು ಅದನ್ನು ತಿದ್ದಲು ಆರಂಭಿಸಿದರು. ಜೀವನಪೂರ್ತಿ ಕಿರಿಯರು ತಂದ ವರದಿಗಳನ್ನು ತಿದ್ದಿದ ಕೈ ಅದು, ತಪ್ಪು ಕಂಡರೆ ಸುಮ್ಮನಿರಲಾರದು. ಅದಕ್ಕಾಗಿಯೇ ನಾನು ಒಂದೆರಡು ಕಡೆ ಸಂದೇಹವಿದ್ದದ್ದನ್ನು ಖಚಿತವೆಂಬಂತೆ ಬರೆದಿಟ್ಟಿದ್ದೆ. ಪ್ರತಿ ಸಾಲಿಗೂ ನನ್ನ ಪ್ರಶ್ನೆಗಳು ಕೆಲವೇ: ಆಗ ಸೀನಿಯರ್ ಯಾರು, ಸಹಾಯಕ ಯಾರು, ನೀರು ಎಲ್ಲಿಂದ ಬರುತ್ತಿತ್ತು. ಮೂರನೆಯದನ್ನು ಕೇಳಿದಾಗ ಎಲ್ಲರೂ ಹುಬ್ಬೇರಿಸುತ್ತಾರೆ. ನೇಫಾದ ಬೆಟ್ಟದ ಪೋಸ್ಟಿನಲ್ಲಿ ಹೇಸರಗತ್ತೆಗಳ ಮೇಲೆ ಡಬ್ಬಗಳಲ್ಲಿ ನೀರು ಬರುತ್ತಿದ್ದದ್ದು, ಒಂದು ಹೇಸರಗತ್ತೆ ಕಣಿವೆಗೆ ಉರುಳಿದ ದಿನ ಇಡೀ ಕಂಪನಿ (ಪಲ್ಟನ್ನಿನ ತುಕಡಿ) ಹಿಮ ಕರಗಿಸಿ ಚಹಾ ಕುಡಿದದ್ದು, ಅದರ ಬಗ್ಗೆ ವಿಚಾರಣೆ ನಡೆದು ಕಾಗದಪತ್ರ ಎರಡು ವರ್ಷ ಓಡಾಡಿದ್ದು, ಇದೆಲ್ಲ ನೀರಿನ ಪ್ರಶ್ನೆಯಿಂದ ಬಂದಿತು. ಶತ್ರುವಿನ ಬಗ್ಗೆ ಕೇಳಿದರೆ ಎರಡು ವಾಕ್ಯ, ನೀರು, ಸೀಮೆಎಣ್ಣೆ, ರಜೆ, ಬೂಟುಗಳ ಬಗ್ಗೆ ಕೇಳಿದರೆ ಎರಡು ಗಂಟೆ. ಸತ್ತ ಸಂಗಾತಿಗಳ ಬಗ್ಗೆ ಕೇಳುವ ನನ್ನದೇ ಒಂದು ಕ್ರಮವಿದೆ, ಅದನ್ನು ಬರೆದು ತೋರಿಸುವುದಕ್ಕಾಗುವುದಿಲ್ಲ, ತೋರಿಸಲು ಮನಸ್ಸೂ ಇಲ್ಲ.

ಈ ನಡುವೆ ಕೆಲವು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ತಾರೀಖಿಲ್ಲದ ಛಾಯಾಚಿತ್ರಗಳನ್ನು ಕಾಗದದ ಹಿಂದಿನ ಸ್ಟುಡಿಯೋ ಮುದ್ರೆಯಿಂದ ಗುರುತಿಸಲು ನೋಡಿದ್ದು ಕೈಗೂಡಲಿಲ್ಲ, ಸ್ಟುಡಿಯೋಗಳು ದಶಕಗಟ್ಟಲೆ ಒಂದೇ ಮುದ್ರೆ ಬಳಸಿವೆ. ಎದೆಯ ಮೇಲಿನ ರಿಬ್ಬನ್ನುಗಳನ್ನು ಎಣಿಸುವುದು ಫಲಿಸಿತು: ಸಂಗ್ರಾಮ ಪದಕದ ರಿಬ್ಬನ್ ಕಂಡರೆ ಚಿತ್ರ 1971ರ ಯುದ್ಧಕ್ಕಿಂತ ಹಿಂದಿನದಾಗಿರಲಾರದು, ಭುಜದ ನಕ್ಷತ್ರಗಳನ್ನೂ ಕರ್ನಲ್ ಆದ ಮೇಲೆ ಬರುವ ಕಾಲರಿನ ಕೆಂಪು ಪಟ್ಟಿಯನ್ನೂ ಸೇರಿಸಿದರೆ ಎರಡು ಮೂರು ವರ್ಷಗಳ ಅಂತರಕ್ಕೆ ಇಳಿಸಬಹುದು. ಕಪ್ಪು-ಬಿಳುಪು ಚಿತ್ರದಲ್ಲಿ ರಿಬ್ಬನ್ನಿನ ಬಣ್ಣ ಹೇಗೆ ಕಾಣುತ್ತದೆಂದು ತಿಳಿಯಲು ಅವರದೇ ಪದಕಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೋಲಿಕೆಯ ಹಾಳೆಯೊಂದನ್ನು ಮಾಡಿಕೊಂಡೆ. ಇದು ನನಗೆ ಹೆಮ್ಮೆಯ ವಸ್ತು. ಮಾತನ್ನು ಅಕ್ಷರಕ್ಕಿಳಿಸುವ ಮೊಬೈಲ್ ತಂತ್ರಾಂಶವನ್ನೂ ಪರೀಕ್ಷಿಸಿದೆ. ನಾಲ್ಕು ಭಾಷೆಗಳು ಒಂದೇ ವಾಕ್ಯದಲ್ಲಿ ಬರುವಾಗ ಅದು ಬಗೆಹರಿಯದೆ ನಿಂತುಬಿಡುತ್ತದೆ.

ನಕ್ಷೆಯ ವಿಷಯದಲ್ಲಿ ಹಣವೂ ಹೋಯಿತು, ಕಾಲವೂ ಹೋಯಿತು. ಗಡಿಪ್ರದೇಶದ ಸರ್ವೆ ಹಾಳೆಗಳು ನನ್ನ ಕೈಗೆ ಸಿಗಲಿಲ್ಲ. ಅಮೆರಿಕದ ಸೇನೆ ಐವತ್ತರ ದಶಕದಲ್ಲಿ 1:2,50,000 ಪ್ರಮಾಣದಲ್ಲಿ ಸಿದ್ಧಪಡಿಸಿದ ಯು502 ಸರಣಿಯ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ಕರ್ನಲ್ ಸಾಹೇಬರು ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ತಮ್ಮ ಗಸ್ತಿನ ದಾರಿಯನ್ನು ಹಿಡಿದದ್ದು ಆ ಹಾಳೆಗಳ ಮೇಲೆಯೇ. ಆದರೆ ಅವನ್ನು ಪುಸ್ತಕದಲ್ಲಿ ಅಚ್ಚು ಹಾಕುವಂತಿಲ್ಲ, ಭಾರತದ ಗಡಿಯನ್ನು ಸರ್ವೆ ಇಲಾಖೆಯ ನಕ್ಷೆಗೆ ಹೊಂದದಂತೆ ತೋರಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯ ಪ್ರಕಾರ ಅಪರಾಧ. ಕಲಾವಿದರೊಬ್ಬರಿಗೆ 9,000 ರೂಪಾಯಿ ಕೊಟ್ಟು ಬರೆಯಿಸಿದ ಬಣ್ಣದ ನಕ್ಷೆಗಳನ್ನು ಈ ಕಾರಣಕ್ಕೆ ಕೈಬಿಟ್ಟು, ಕೊನೆಗೆ ನದಿ, ಬೆಟ್ಟ, ರಸ್ತೆ ಮಾತ್ರ ಇರುವ, ಯಾವ ಗಡಿರೇಖೆಯೂ ಇಲ್ಲದ ಕೈಬರಹದ ರೇಖಾಚಿತ್ರಗಳನ್ನು ಹಾಕಿದೆವು. ಅವೇ ಚೆನ್ನಾಗಿವೆ.

ಸೇನೆಯವರ ಚರಿತ್ರೆಯಲ್ಲಿ ಏನು ಬಿಡಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರನ್ನೂ ನಮ್ಮನ್ನೂ ಬಿಡುವುದಿಲ್ಲ. ಅರವತ್ತು, ಎಪ್ಪತ್ತರ ದಶಕಗಳ ವಿಷಯದಲ್ಲಿ ನಮಗೆ ಕಷ್ಟವಾಗಲಿಲ್ಲ. ಎಂಬತ್ತರ ದಶಕದ ಉತ್ತರಾರ್ಧಕ್ಕೆ ಬಂದಾಗ ಕರ್ನಲ್ ಸಾಹೇಬರು ಮತ್ತು ಅವರ ಕೋರ್ಸ್‌ಮೇಟ್ ಒಬ್ಬರು ಕರಡನ್ನು ಓದಿ, ಸ್ಥಳನಾಮಗಳನ್ನೂ ಬಲಾಬಲದ ಅಂಕಿಗಳನ್ನೂ ತೆಗೆಸಿದರು. ಸುಮಾರು ಹದಿನೈದು ಪುಟ ಹೋಯಿತು. ನಾನು ವಾದ ಮಾಡಲಿಲ್ಲ.

ಖರ್ಚಿನ ಲೆಕ್ಕವನ್ನು ನೆನಪಿನಿಂದ ಕೊಡುತ್ತೇನೆ. ಕುಟುಂಬ ಮುಂಗಡವಾಗಿ 60,000 ರೂಪಾಯಿ ಕೊಟ್ಟಿತ್ತು. ಅವರ ಹಳೆಯ ಒಡನಾಡಿಗಳನ್ನು ಕಾಣಲು ವೆಲ್ಲಿಂಗ್ಟನ್, ಬೆಂಗಳೂರು, ಮಡಿಕೇರಿಗಳ ಓಡಾಟಕ್ಕೆ 25,000ದಷ್ಟು, ಪತ್ರ ಮತ್ತು ಚಿತ್ರಗಳ ಸ್ಕ್ಯಾನಿಂಗಿಗೆ 12,000, ಡಿಟಿಪಿ ಮತ್ತು ಪುಟವಿನ್ಯಾಸಕ್ಕೆ 20,000, ಕೈಬಿಟ್ಟ ನಕ್ಷೆಗಳಿಗೆ ಆಗಲೇ ಹೇಳಿದ 9,000. ಮುದ್ರಣ 300 ಪ್ರತಿಗೆ 55,000ದ ಹತ್ತಿರ, ಡೆಮಿ ಆಕಾರ, ಒಳಗೆ ಮ್ಯಾಪ್‌ಲಿಥೋ ಕಾಗದ, ಚಿತ್ರಗಳಿಗೆ ಎರಡು ಫಾರಂ ಆರ್ಟ್ ಪೇಪರ್. ಮೊದಲ ಕಂತಿನ 100 ಪ್ರತಿಗಳನ್ನು ಮುದ್ರಕರು ಮಳೆಗಾಲದಲ್ಲಿ ಶಾಯಿ ಒಣಗುವ ಮೊದಲೇ ಕಟ್ಟಿಬಿಟ್ಟಿದ್ದರಿಂದ ಆರ್ಟ್ ಪೇಪರಿನ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಪದಕಗಳ ಬಣ್ಣದ ಚಿತ್ರವೇ ಹರಿದುಬರುತ್ತಿತ್ತು. ಬಹಳ ಜಗ್ಗಾಟದ ನಂತರ ಅರ್ಧ ಖರ್ಚನ್ನು ಅವರು ಹೊತ್ತರು. ಒಟ್ಟಿನಲ್ಲಿ ಒಂದು ಹಂತದಲ್ಲಿ ನನ್ನ ಕೈಯಿಂದ 40,000ಕ್ಕೂ ಹೆಚ್ಚು ಹೋಗಿತ್ತು, ಮನೆಯಲ್ಲಿ ಈ ಕೆಲಸದ ಹೆಸರೆತ್ತುವಂತಿರಲಿಲ್ಲ.

ಹಣ ಹಿಂದಕ್ಕೆ ಬಂದದ್ದು ನಾನು ಎಣಿಸದ ಕಡೆಯಿಂದ. ಪುಸ್ತಕ ಹಂಚಿದ ಮೇಲೆ ಪಲ್ಟನ್ನಿನ ನಿವೃತ್ತ ಅಧಿಕಾರಿಗಳು ತಮ್ಮ ವಾರ್ಷಿಕ ಕೂಟಕ್ಕೆ ಪ್ರತಿಗಳನ್ನು ಕೇಳಿದರು, ಎರಡನೆಯ ಮುದ್ರಣದ 200 ಪ್ರತಿಗಳ ವೆಚ್ಚವನ್ನು ಅವರೇ ಕೊಟ್ಟರು. ಅವರಲ್ಲಿ ಇಬ್ಬರು ತಮ್ಮ ಚರಿತ್ರೆಯನ್ನೂ ಬರೆದುಕೊಡಬೇಕೆಂದು ಕೇಳಿದ್ದಾರೆ. ಒಬ್ಬರು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನವರು, ಮನೆ ಬದಲಿಸುವಾಗ ಪತ್ರಗಳನ್ನೆಲ್ಲ ಸುಟ್ಟಿದ್ದಾರೆ, ಆದರೆ ಟ್ರಂಕುಗಳಿವೆ. ಮುಂಗಡವನ್ನು ಈಗ ಒಂದು ಲಕ್ಷಕ್ಕೆ ಏರಿಸಿದ್ದೇನೆ, ಓಡಾಟದ ಖರ್ಚು ಪ್ರತ್ಯೇಕ, ಮುದ್ರಣದ ಹೊಣೆ ಕುಟುಂಬದ್ದೇ ಎಂದು ಮೊದಲೇ ಬರೆಸಿಕೊಳ್ಳುತ್ತೇನೆ. ಪಟ್ಟಿ ಸಿದ್ಧವಾಗುವವರೆಗೆ ಧ್ವನಿಮುದ್ರಣ ಯಂತ್ರವನ್ನು ಚೀಲದಿಂದ ಹೊರತೆಗೆಯುವುದಿಲ್ಲ ಎಂಬ ಕರಾರನ್ನೂ ಅದರಲ್ಲೇ ಸೇರಿಸಿದ್ದೇನೆ. ಸಿಗ್ನಲ್ಸ್‌ನವರು ಅದನ್ನು ಓದಿ ಕಾರಣ ಕೇಳದೆ ಸಹಿ ಮಾಡಿದರು, ಅವರ ಸೊಸೆ ಇನ್ನೂ ಒಪ್ಪಿಲ್ಲ.